ಶಾರದಾ ಸದನದ ತೆರೆದ ಬಾಗಿಲು

ಪುಣೆ ಕ್ಯಾಂಪಿನ ರಸ್ತೆಗಳಲ್ಲಿ ಅರ್ಧ ಗಂಟೆ ನಡೆದರೆ ಸಾಕು, ನಾಲ್ಕಾರು ಧರ್ಮಗಳ ಆರಾಧನಾ ಮಂದಿರಗಳು ಎದುರಾಗುತ್ತವೆ. 1825ರಲ್ಲಿ ಬಿಷಪ್ ಹೀಬರ್ ಪ್ರತಿಷ್ಠಾಪಿಸಿದ ಸೇಂಟ್ ಮೇರೀಸ್ ಚರ್ಚು ಇಲ್ಲಿದೆ. ಬಾಗ್ದಾದ್ ಮೂಲದ ಯೆಹೂದಿ ವರ್ತಕ ಡೇವಿಡ್ ಸಾಸೂನ್ ಕಟ್ಟಿಸಲು ತೊಡಗಿ, 1867ರಲ್ಲಿ ಪೂರ್ಣಗೊಂಡ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗ್ ಇದೆ. ಜನ ಅದನ್ನು ‘ಲಾಲ್ ದೇವಳ್’ ಎನ್ನುತ್ತಾರೆ. ಪಾರ್ಸಿಗಳ ಅಗ್ಯಾರಿ, ಮಸೀದಿ, ಗುಡಿಗಳೂ ಹತ್ತಿರದಲ್ಲೇ ಇವೆ. ದಂಡು ಬಂದು ನೆಲೆಸಿದ ಕಡೆ ವರ್ತಕರೂ ಕುಶಲಕರ್ಮಿಗಳೂ ತಂತಮ್ಮ ದೇವರೊಡನೆ ಬಂದು ನೆಲೆಸಿದ್ದರ ಫಲವಿದು. ಆದರೆ ಭಿನ್ನ ನಂಬಿಕೆಯವರು ನೆರೆಹೊರೆಯಾಗಿ ಬಾಳುವುದು ಸುಲಭ. ಒಂದೇ ಸೂರಿನಡಿ ಕಲಿಯುತ್ತ ಬಾಳುವುದು ಕಷ್ಟ. ಆ ಕಷ್ಟವನ್ನು ಇದೇ ಪುಣೆಯ ಒಂದು ಶಾಲೆ 1893ರಲ್ಲಿ ಎದುರಿಸಿತು.

ಆ ಶಾಲೆ ಪಂಡಿತಾ ರಮಾಬಾಯಿಯವರ ಶಾರದಾ ಸದನ. ಮಹಾರಾಷ್ಟ್ರ ತನ್ನ ಮಗಳೆಂದು ಕರೆಯುವ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಪಂಡಿತರ ವಿರೋಧವನ್ನು ಎದುರಿಸಿದವರು. ಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಗಳು, 1878ರಲ್ಲಿ ಕಲ್ಕತ್ತೆಯಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದರು. 1882ರಲ್ಲಿ ವಿಧವೆಯಾಗಿ, ಎಳೆಯ ಮಗಳೊಡನೆ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು.

ಇಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ದೀಕ್ಷೆಯ ನಂತರ ರಮಾಬಾಯಿ ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಲಿಲ್ಲ. ಯಾವ ತತ್ತ್ವವನ್ನು ನಂಬಬೇಕೆಂಬುದನ್ನು ತಮ್ಮ ಅಂತಃಸಾಕ್ಷಿಯೇ ನಿರ್ಧರಿಸಬೇಕೆಂದು, ತಮಗೆ ಆಶ್ರಯವಿತ್ತ ಸಂನ್ಯಾಸಿನಿಯರೊಡನೆಯೇ ಪತ್ರಗಳಲ್ಲಿ ವಾದಿಸಿದರು. ಸನಾತನಿಗಳೆದುರು ಕೇಳಿದ ಸ್ವಾತಂತ್ರ್ಯವನ್ನೇ ಪಾದ್ರಿಗಳೆದುರೂ ಕೇಳಿದರು.

1886ರಲ್ಲಿ ಅಮೆರಿಕೆಗೆ ಹೋದ ಅವರು ಅಲ್ಲಿ ಕಂಡದ್ದನ್ನು ಮರಾಠಿಯಲ್ಲಿ ಬರೆದು 1889ರಲ್ಲಿ ಪ್ರಕಟಿಸಿದರು. ಹೆಸರಿಗೆ ಅದು ಪ್ರವಾಸ ಕಥನ. ಆದರೆ ಅದರಲ್ಲಿ ಆಡಳಿತ ವ್ಯವಸ್ಥೆಗೆ ಒಂದು ಅಧ್ಯಾಯ, ಧರ್ಮಪಂಥಗಳಿಗೆ ಒಂದು, ಶಿಕ್ಷಣಕ್ಕೆ ಒಂದು, ಸ್ತ್ರೀಯರ ಸ್ಥಿತಿಗತಿಗೆ ಮತ್ತೊಂದು ಅಧ್ಯಾಯವಿದೆ. ನಮ್ಮ ದೃಷ್ಟಿಯಲ್ಲಿ ಅದು ಪೌರನೀತಿಯ ಪುಸ್ತಕ. ನಮ್ಮ ದೇಶದಲ್ಲಿ ಆಗ ಪ್ರಜೆಗಳಿದ್ದರು, ಪೌರರಿರಲಿಲ್ಲ. ಧರ್ಮದ ವಿಷಯದಲ್ಲಿ ಸರಕಾರ ಕೈಹಾಕುವುದಿಲ್ಲವೆಂಬ 1858ರ ವಿಕ್ಟೋರಿಯಾ ರಾಣಿಯ ಘೋಷಣೆಯೂ ಅರಸೊತ್ತಿಗೆ ನೀಡಿದ ಅಭಯವಾಗಿತ್ತು. ಜನ ತಾವೇ ಬರೆದುಕೊಂಡ ಹಕ್ಕಾಗಿರಲಿಲ್ಲ.

1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಉಚ್ಚಜಾತಿಯ ಬಾಲವಿಧವೆಯರಿಗೆ ಅಲ್ಲಿ ವಿದ್ಯೆಯೂ ಅನ್ನವೂ ದೊರೆಯುತ್ತಿದ್ದವು. ಅವರು ತಮ್ಮ ಮಡಿ, ಪೂಜೆ, ಆಚಾರಗಳನ್ನು ಉಳಿಸಿಕೊಳ್ಳಬಹುದಿತ್ತು. ಧರ್ಮಬೋಧೆಯ ಒತ್ತಾಯವಿಲ್ಲವೆಂಬುದು ಸಂಸ್ಥೆಯ ವಚನವಾಗಿತ್ತು. ರಾನಡೆ, ಭಂಡಾರ್ಕರರಂಥವರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು; ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ ‘ಕೇಸರಿ’ ಇದನ್ನು ಮತಾಂತರದ ಹುನ್ನಾರವೆಂದು ಖಂಡಿಸಿತು. 1893ರಲ್ಲಿ ಸಮಿತಿಯ ಹಿರಿಯರು ರಾಜೀನಾಮೆ ಕೊಟ್ಟರು. ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಯಾರು ಸರಿ? ನೂರಮೂವತ್ತು ವರ್ಷಗಳ ನಂತರವೂ ಉತ್ತರ ಸುಲಭವಲ್ಲ. ತನ್ನ ಕೋಣೆಯಲ್ಲಿ ಪ್ರಾರ್ಥಿಸುವ ಹಕ್ಕನ್ನು ರಮಾಬಾಯಿ ಏಕೆ ಬಿಡಬೇಕಿತ್ತು? ಹಾಗೆಯೇ, ಅನ್ನ ನೀಡುವ ಕೈಯೇ ಪ್ರಾರ್ಥನೆಗೂ ಜೋಡಿದಾಗ, ಎಳೆಯ ಹುಡುಗಿಯ ‘ಸ್ವಇಚ್ಛೆ’ ಎಷ್ಟು ಸ್ವತಂತ್ರ ಎಂಬ ಪೋಷಕರ ಆತಂಕವನ್ನೂ ತಳ್ಳಿಹಾಕಲಾಗದು. ಎರಡೂ ಪಕ್ಷಗಳಿಗೆ ವಾದವಿತ್ತು. ವಾದವನ್ನು ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲು ಇರಲಿಲ್ಲ. ಹೀಗಾಗಿ ವಿವಾದ ಪತ್ರಿಕೆಯ ಅಂಕಣಗಳಲ್ಲಿ ತೀರ್ಮಾನವಾಯಿತು, ಬೆಲೆ ತೆತ್ತವರು ಪಾಠ ಅರ್ಧಕ್ಕೆ ನಿಂತ ಹುಡುಗಿಯರು. ಇದೇ ಸದನದಲ್ಲಿ ಓದಿದ ಗೋದೂಬಾಯಿ ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಆನಂದಿಬಾಯಿ ಕರ್ವೆಯಾಗಿ ಹೊಸ ಬದುಕು ಕಟ್ಟಿಕೊಂಡರೆಂಬುದನ್ನು ನೆನೆದರೆ, ಮನೆಗೆ ಮರಳಿದವರು ಕಳೆದುಕೊಂಡದ್ದೇನೆಂದು ಊಹಿಸಬಹುದು.

ಆ ಅಳತೆಗೋಲು ನಮಗೆ 1950ರಲ್ಲಿ ದೊರೆಯಿತು. ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. 28ನೇ ವಿಧಿಯಂತೂ ಶಾರದಾ ಸದನದ ಜಗಳವನ್ನು ಕಂಡು ಬರೆದಂತಿದೆ: ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಸಮ್ಮತಿಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಉಪಾಸನೆಗೆ ಒಳಪಡಿಸುವಂತಿಲ್ಲ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿ ಬೇಕು. 1986ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಅಂತಃಸಾಕ್ಷಿಯನ್ನು ಎತ್ತಿಹಿಡಿಯಿತು. ತಮ್ಮ ಪಂಥದ ನಂಬಿಕೆಯಂತೆ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದುನಿಂತ ಆ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ತೀರ್ಪಿತ್ತಿತು.

ಆದರೆ ವಿಧಿಗಳು ತಾವಾಗಿ ನಡೆಯುವುದಿಲ್ಲ, ಗೊತ್ತಿದ್ದವರಿಗಷ್ಟೇ ಒದಗುತ್ತವೆ. ಕೇಂದ್ರ ಸರಕಾರದ ನೌಕರರಾದ ನಾವು ಸೇವೆಗೆ ಸೇರುವಾಗ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತೇವೆ. ನವೆಂಬರ್ 26ರಂದು ಕಚೇರಿಗಳಲ್ಲಿ ಪ್ರಸ್ತಾವನೆಯನ್ನು ಒಕ್ಕೊರಲಿನಿಂದ ಓದುತ್ತೇವೆ. ಮುಂದಿನ ಪುಟಗಳನ್ನು ತಿರುವಿದವರು ನಮ್ಮಲ್ಲಿ ಎಷ್ಟು ಮಂದಿ? ಶಾಲೆಗಳಲ್ಲಿ ಪೌರನೀತಿ ಇಂದಿಗೂ ಇತಿಹಾಸದ ಬಾಲವಾಗಿ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ವಿಷಯವಾಗಿ ಉಳಿದಿದೆ. ಮಗುವಿನ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ತಮ್ಮ ಧರ್ಮದ್ದಲ್ಲವೆಂದು ಕಳವಳಪಡುವ ತಂದೆತಾಯಿಯರಿಗೆ ತಮ್ಮ ಸಮ್ಮತಿಗೆ ಬೆಲೆಯಿದೆಯೆಂಬುದೇ ತಿಳಿದಿರುವುದಿಲ್ಲ. ತಿಳಿಯದಿದ್ದಾಗ ಉಳಿಯುವುದು ಎರಡೇ ದಾರಿ: ಮೌನ, ಇಲ್ಲವೇ ವದಂತಿ. 1893ರಲ್ಲಿ ಪುಣೆ ಕಂಡದ್ದು ಎರಡನೆಯದನ್ನು.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಪಾಲಿದೆ. ಶಿಕ್ಷಣ ಸಂಸ್ಥೆ ಕಟ್ಟುವ ಹಕ್ಕನ್ನು ನೀಡುವ 30ನೇ ವಿಧಿ ಧರ್ಮದ ಅಲ್ಪಸಂಖ್ಯಾತರನ್ನೂ ಭಾಷೆಯ ಅಲ್ಪಸಂಖ್ಯಾತರನ್ನೂ ಒಂದೇ ವಾಕ್ಯದಲ್ಲಿ ಹೆಸರಿಸುತ್ತದೆ. ಪುಣೆಯಲ್ಲಿ ಕನ್ನಡ ಶಾಲೆ ನಡೆಸಲು ನಮಗಿರುವ ಆಧಾರವೂ, ಕ್ಯಾಂಪಿನಲ್ಲಿ ಚರ್ಚಿನವರು ಶಾಲೆ ನಡೆಸಲು ಇರುವ ಆಧಾರವೂ ಅದೇ. ನೆರೆಯವರ ಶ್ರದ್ಧೆಗೆ ಕುತ್ತು ಬಂದಾಗ ಸುಮ್ಮನಿದ್ದರೆ, ನಮ್ಮ ಭಾಷೆಗೆ ಆಸರೆಯಾದ ವಾಕ್ಯವೂ ಸಡಿಲಗೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿಗೆ ವಚನ, ದಾಸರಪದಗಳನ್ನು ಕಲಿಸುವ ನಾವು, ಅವುಗಳ ಜೊತೆಗೆ 25ರಿಂದ 30ರವರೆಗಿನ ಆರು ವಿಧಿಗಳನ್ನೂ ಕನ್ನಡದಲ್ಲೇ ಓದಿಸೋಣ. ಒಂದು ಸಂಜೆಯ ಓದು ಅದಕ್ಕೆ ಸಾಕು.