ಹಾಡು ಒಳಗೇ ಇದೆ, ವಿಳಾಸ ಇಲ್ಲ

2011ರಲ್ಲಿ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಒಟ್ಟು ಹನ್ನೊಂದು ಹಾಡು. ಅಜ್ಜಿ ತೀರಿಕೊಂಡ ಮೇಲೆ ಒಂದಿನ ಅಮ್ಮ ಕೇಳಬೇಕು ಅಂದರು. ಮೆಮೊರಿ ಕಾರ್ಡ್ ಹಾಕಿದರೆ, ಫಾರ್ಮ್ಯಾಟ್ ಮಾಡಲಾ ಅಂತ ಫೋನೇ ನಮ್ಮನ್ನ ಕೇಳಿತು! ಎಸ್.ಪಿ. ರೋಡಿನ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಹುಡುಗ ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಹಾಡು ಒಳಗೇ ಇರಬೋದು. ಎಲ್ಲೆಲ್ಲಿದೆ ಅನ್ನೋ ಲೆಕ್ಕ ಹೋಗಿದೆ" ಅಂದ.

ಬಿಇ ಓದಿ ಸಾಫ್ಟ್‌ವೇರ್ ಬರೆಯುವ ನನಗೇ ಆ ಮಾತು ಪೂರ್ತಿ ಅರ್ಥವಾಗಿರಲಿಲ್ಲ. ಬರೆದದ್ದು ಬರೆದ ಜಾಗದಲ್ಲೇ ಇರಬೇಕಲ್ಲವೇ? ಫ್ಲಾಶ್ ಮೆಮೊರಿಯಲ್ಲಿ ಹಾಗಿಲ್ಲ. ಯಾಕಿಲ್ಲ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೋಕ 1984ರಲ್ಲಿ ಫ್ಲಾಶ್ ಮೆಮೊರಿಯನ್ನ ಜಗತ್ತಿನ ಮುಂದಿಟ್ಟರು. ಅಳಿಸುವ ಕೆಲಸ ಕ್ಯಾಮೆರಾದ ಫ್ಲಾಶ್ ಹೊಡೆದ ಹಾಗೆ ಒಂದೇ ಏಟಿಗೆ ಆಗುತ್ತೆ ಅಂತ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. 1987ರಲ್ಲಿ ನ್ಯಾಂಡ್ ಎಂಬ ಬಗೆ ಬಂತು. ನಮ್ಮ ಕಾರ್ಡು, ಪೆನ್‌ಡ್ರೈವು, ಎಸ್‌ಎಸ್‌ಡಿ ಎಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಅಗ್ಗ ಮಾಡುವುದಕ್ಕೆ ಇದರಲ್ಲಿ ಒಂದು ರಾಜಿ ಆಯಿತು. ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ಇಡೀ ಬ್ಲಾಕ್. ಒಂದು ಕಾಲದ ಚಿಪ್‌ಗಳಲ್ಲಿ ಪುಟ 512 ಬೈಟ್, ಬ್ಲಾಕಿಗೆ ಅಂಥ 32 ಪುಟ ಇರುತ್ತಿದ್ದವು. ಶಾಲೆಯಲ್ಲಿ ಸ್ಲೇಟಿನ ಮೇಲೆ ಒಂದಕ್ಷರ ತಪ್ಪಾದರೆ ಬೆರಳಲ್ಲಿ ಒರೆಸಿ ಅಲ್ಲೇ ತಿದ್ದುತ್ತಿದ್ದೆವಲ್ಲ, ಇಲ್ಲಿ ಅದಾಗಲ್ಲ. ಒಂದಕ್ಷರಕ್ಕೂ ಇಡೀ ಸ್ಲೇಟು ಒರೆಸಬೇಕು. ಸಾಲದ್ದಕ್ಕೆ ಪ್ರತಿ ಸಲ ಒರೆಸಿದಾಗಲೂ ಸ್ಲೇಟು ಸವೆಯುತ್ತೆ!

ಕಂಪ್ಯೂಟರಿಗೋ ಇದ್ಯಾವುದೂ ಗೊತ್ತಿಲ್ಲ. ಅದು ಹಾರ್ಡ್‌ಡಿಸ್ಕ್ ಕಾಲದ ಅಭ್ಯಾಸದಲ್ಲಿ ಒಂದೇ ವಿಳಾಸಕ್ಕೆ ಮತ್ತೆ ಮತ್ತೆ ಬರೆಯುತ್ತಿತ್ತು. ಅದಕ್ಕೆ ಅಳಿಸುವ ಗೊಡವೆಯೇ ಬೇಡ ಅನ್ನುವ ಉಪಾಯ ಬಂತು. ಹೊಸದನ್ನ ಖಾಲಿ ಪುಟದಲ್ಲಿ ಬರೆ, ಹಳೆಯದಕ್ಕೆ ರದ್ದು ಅಂತ ಗುರುತು ಹಾಕು, ವಿಳಾಸ ಬದಲಾಗಿದ್ದನ್ನ ಒಂದು ಖಾತೆ ಪುಸ್ತಕದಲ್ಲಿ ನಮೂದಿಸು. ರದ್ದಾದ ಪುಟ ಹೆಚ್ಚಾದ ಬ್ಲಾಕಿನಿಂದ ಉಳಿದದ್ದನ್ನ ಬೇರೆಡೆ ಸಾಗಿಸಿ, ಆಮೇಲೆ ಅದನ್ನ ಒರೆಸು. ಇದನ್ನೇ ಹೋಲುವ ಯೋಚನೆಯನ್ನ ಬರ್ಕ್ಲಿಯ ಮೆಂಡಲ್ ರೋಸೆನ್‌ಬ್ಲಮ್ ಮತ್ತು ಜಾನ್ ಔಸ್ಟರ್‌ಹೌಟ್ 1991ರಲ್ಲಿ ಹಾರ್ಡ್‌ಡಿಸ್ಕಿಗಾಗಿ ಮಂಡಿಸಿದ್ದರು. ಫ್ಲಾಶಿನಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿಯ ಅಮಿರ್ ಬಾನ್ 1993ರಲ್ಲಿ ಇಂಥ ಪದ್ಧತಿಗೆ ಅರ್ಜಿ ಹಾಕಿ, 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಈ ಅನುವಾದದ ಪದರಕ್ಕೆ ಎಫ್‌ಟಿಎಲ್ ಅನ್ನುತ್ತಾರೆ.

ಅಲ್ಲಿಂದ ಮುಂದಿನ ತಲೆನೋವೆಲ್ಲ ಆ ಖಾತೆ ಪುಸ್ತಕದ್ದೇ. ಪ್ರತಿ ಪುಟಕ್ಕೂ ಒಂದು ಸಾಲು ಬರೆದರೆ ಬರವಣಿಗೆ ಹಗುರ, ಪುಸ್ತಕ ಮಾತ್ರ ದಪ್ಪ. ಬ್ಲಾಕಿಗೊಂದೇ ಸಾಲು ಬರೆದರೆ ಪುಸ್ತಕ ತೆಳ್ಳಗಾಗುತ್ತೆ, ಆದರೆ ಸಣ್ಣ ತಿದ್ದುಪಡಿಗೂ ಇಡೀ ಬ್ಲಾಕ್ ಎತ್ತಿ ಸಾಗಿಸಬೇಕು. ಮೆಮೊರಿ ಕಾರ್ಡಿನಂಥ ಬಡಪಾಯಿಗೆ ರ‍್ಯಾಮ್ ಇರೋದೇ ಚೂರು. ಅಂಥವುಗಳಿಗಾಗಿ 2002ರಲ್ಲಿ ಕೊರಿಯಾದ ಸಂಶೋಧಕರು ಮಧ್ಯದ ದಾರಿ ಹುಡುಕಿದರು. ಹೆಚ್ಚಿನ ಜಾಗಕ್ಕೆ ಬ್ಲಾಕಿನ ಲೆಕ್ಕ, ತಿದ್ದುಪಡಿ ಬರೆಯಲು ಮೀಸಲಿಟ್ಟ ಕೆಲವೇ ಬ್ಲಾಕಿಗೆ ಪುಟದ ಲೆಕ್ಕ. 2009ರಲ್ಲಿ ಪೆನ್‌ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಆಯುಷ್ ಗುಪ್ತಾ, ಯಂಗ್‌ಜೇ ಕಿಮ್, ಭುವನ್ ಉರ್ಗಾಂವ್‌ಕರ್ ಇನ್ನೊಂದು ದಾರಿ ತೋರಿಸಿದರು. ಪುಸ್ತಕವನ್ನೂ ಫ್ಲಾಶಿನಲ್ಲೇ ಇಡಿ, ಸದ್ಯಕ್ಕೆ ಬೇಕಾದ ಹಾಳೆಗಳನ್ನಷ್ಟೇ ರ‍್ಯಾಮಿಗೆ ತನ್ನಿ ಅಂದರು.

ಅದೇ ವರ್ಷ ಬಂದ ವಿಂಡೋಸ್ 7 ಇನ್ನೊಂದು ಗೋಳು ತಪ್ಪಿಸಿತು. ಅಲ್ಲಿಯವರೆಗೆ ನಾವು ಫೈಲ್ ಡಿಲೀಟ್ ಮಾಡಿದ್ದು ಎಸ್‌ಎಸ್‌ಡಿಗೆ ಗೊತ್ತೇ ಆಗುತ್ತಿರಲಿಲ್ಲ. ಬಾಡಿಗೆಯವನು ಹೇಳದೆ ಕೇಳದೆ ಹೋದ ಮನೆಯನ್ನ ಮಾಲೀಕ ಕಾಯುತ್ತಾ ಕೂತ ಹಾಗೆ, ಸತ್ತ ಪುಟಗಳನ್ನೂ ಅದು ಹೊತ್ತು ತಿರುಗುತ್ತಿತ್ತು. ಈ ಮನೆ ಖಾಲಿ ಆಯ್ತು ಅಂತ ಹೇಳುವ ಆಜ್ಞೆಯೇ ಟ್ರಿಮ್.

ಇಷ್ಟಾದರೂ ಕತೆ ಮುಗಿದಿಲ್ಲ. ಈಗಿನ ಚಿಪ್‌ಗಳಲ್ಲಿ ಒಂದೇ ಕೋಶದಲ್ಲಿ 4 ಬಿಟ್ ತುರುಕುತ್ತಾರೆ. ಹಿಂದೆ ಒಂದು ಬಿಟ್ ಇಟ್ಟಾಗ ಸುಮಾರು ಲಕ್ಷ ಸಲ ಒರೆಸಿದರೂ ತಡೆಯುತ್ತಿದ್ದದ್ದು, ಈಗ ಅದರ ಒಂದು ಸಣ್ಣ ಪಾಲಿಗೇ ಸುಸ್ತು. ಪುಸ್ತಕದ ದಪ್ಪ ನೋಡಿ: 4 ಕೆಬಿಗೆ ಒಂದು ಸಾಲಿನಂತೆ 1 ಟಿಬಿಗೆ ಸುಮಾರು 25 ಕೋಟಿ ಸಾಲು. ಸಾಲಿಗೆ 4 ಬೈಟ್ ಅಂದರೂ ಪುಸ್ತಕಕ್ಕೇ 1 ಜಿಬಿ ರ‍್ಯಾಮ್ ಬೇಕು. 32 ಟಿಬಿಗೆ? 32 ಜಿಬಿ! ಅದಕ್ಕೇ ದೊಡ್ಡ ಡ್ರೈವ್‌ಗಳಲ್ಲಿ 16 ಕೆಬಿಗೊಂದು ಸಾಲು ಬರೆಯೋದೂ ಇದೆ. ಪುಸ್ತಕ ಕಾಲು ಭಾಗಕ್ಕೆ ಇಳಿಯಿತು. ಆದರೆ ಬಿಡಿಯಾಗಿ 4 ಕೆಬಿ ತಿದ್ದಿದರೂ 16 ಕೆಬಿ ಹೊಸದಾಗಿ ಬರೆಯಬೇಕು, ಅಂದರೆ ನಾಲ್ಕು ಪಟ್ಟು ಸವೆತ. ಹಳೆಯ ಬ್ಲಾಕಿನ ಲೆಕ್ಕದ ಜಗಳವೇ ಬೇರೆ ಅಂಗಿ ಹಾಕಿಕೊಂಡು ವಾಪಸ್ ಬಂದಿದೆ. ಉಳಿತಾಯ ನಿಜವಾಗಬೇಕಾದರೆ, ಸಣ್ಣ ಸಣ್ಣದನ್ನ ಒಟ್ಟುಮಾಡಿ ದೊಡ್ಡದಾಗಿ ಬರೆಯುವ ಜವಾಬ್ದಾರಿ ನನ್ನಂಥ ಸಾಫ್ಟ್‌ವೇರಿನವರ ಮೇಲೆ ಬೀಳುತ್ತೆ. ನಾನು ಎಷ್ಟು ವರ್ಷ ಎರಡಕ್ಷರದ ಲಾಗಿಗೂ ಒಂದೊಂದು ಸಲ ಡಿಸ್ಕಿಗೆ ಬರೆದೆನೋ, ಲೆಕ್ಕವಿಲ್ಲ.

ಅಜ್ಜಿಯ ಕಾರ್ಡಿಗೆ ಏನಾಗಿತ್ತು? ಖಾತೆ ಬದಲಾಗುತ್ತಿರುವಾಗಲೇ ಕರೆಂಟ್ ಕಿತ್ತರೆ ಪುಸ್ತಕ ಅರ್ಧಕ್ಕೇ ನಿಂತುಬಿಡಬಹುದು. ಬರೆಯುತ್ತಿರುವಾಗಲೇ ಕಾರ್ಡು ಹೊರಗೆಳೆಯುವ ಚಟ ನನಗಿತ್ತು. ಅದೇ ಕಾರಣ ಅಂತ ಪ್ರಮಾಣ ಮಾಡಲಾರೆ, ಅನುಮಾನ ಮಾತ್ರ ನನ್ನ ಮೇಲೇ. ಸಮಾಧಾನ ಒಂದಿದೆ. ಬಹಳಷ್ಟು ಎಫ್‌ಟಿಎಲ್‌ಗಳು ಪ್ರತಿ ಪುಟದ ಅಂಚಿನಲ್ಲಿರುವ ಚಿಕ್ಕ ಜಾಗದಲ್ಲಿ ಆ ಪುಟದ ವಿಳಾಸವನ್ನೂ ಬರೆದಿಡುತ್ತವೆ. ಪುಸ್ತಕ ಕಳೆದರೂ ಪುಟಗಳನ್ನ ಒಂದೊಂದಾಗಿ ಓದಿ ಮತ್ತೆ ಜೋಡಿಸುವ ದಾರಿ ಇರುತ್ತೆ. ಅದಕ್ಕೇ ಆ ಕಾರ್ಡನ್ನ ಫಾರ್ಮ್ಯಾಟ್ ಮಾಡದೆ ಕುಂಕುಮದ ಭರಣಿಯಲ್ಲಿ ಇಟ್ಟಿದ್ದೇನೆ.

ಕಳೆದ ಯುಗಾದಿಗೆ ಅಮ್ಮ ನೆನಪಿದ್ದಷ್ಟು ಹಾಡಿದರು. ಹನ್ನೊಂದರಲ್ಲಿ ನಾಲ್ಕು. ಬೇರೆ ಬೇರೆ ಎರಡು ಕಡೆ ಕಾಪಿ ಮಾಡಿ, ಎರಡನ್ನೂ ಕೇಳಿ ನೋಡಿದ ಮೇಲೇ ಪೆನ್‌ಡ್ರೈವ್ ತೆಗೆದೆ.