ಕೈಬರಹದ ವಹಿಯಿಂದ ಅಚ್ಚಿನ ಪುಸ್ತಕಕ್ಕೆ

ಪುಣೆಯಲ್ಲಿ ನೆಲೆಸಿದ ನಾವು ಫರ್ಗ್ಯುಸನ್ ಕಾಲೇಜಿನ ಮುಂದೆ ಎಷ್ಟೋ ಸಲ ಹಾದುಹೋಗುತ್ತೇವೆ. ಅಲ್ಲಿ ಓದಿ, 1918ರಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಮರಳಿದ ತರುಣರೊಬ್ಬರು ಮುಂದೆ ಅಂಬಿಕಾತನಯದತ್ತರಾದರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಕಾವ್ಯಕ್ಕಾಗಿ ಅವರು ಒಲಿದದ್ದು ಕನ್ನಡಕ್ಕೆ. ಹಳ್ಳಿಯ ಹಾಡಿನ ಲಯ, ಧಾರವಾಡದ ಆಡುಮಾತು, ಮರಾಠಿ ಸಂತರ ವಾಣಿ, ರವೀಂದ್ರರ ಮತ್ತು ಅರವಿಂದರ ವಿಚಾರ, ಇವೆಲ್ಲವನ್ನೂ ಅರಗಿಸಿಕೊಂಡು ಅವರು ಹೊಸ ಪ್ರಯೋಗಕ್ಕೆ ತೊಡಗಿದರು.

ಆದರೆ ಹೊಸ ಕವಿತೆಯನ್ನು ಕೇಳುವವರು, ಅಚ್ಚು ಹಾಕಿಸುವವರು ಬೇಡವೇ? 1922ರಲ್ಲಿ 'ಕೃಷ್ಣಕುಮಾರಿ' ಹೊರಬಂದಿತು. 'ಗರಿ' ಬರಲು 1932ರವರೆಗೆ ಕಾಯಬೇಕಾಯಿತು. ಆ ನಡುಗಾಲದಲ್ಲಿ ಕವಿಗೆ ಆಸರೆಯಾದದ್ದು ಧಾರವಾಡದ ಗೆಳೆಯರ ಗುಂಪು. 1933ರಲ್ಲಿ ಜಿ.ಬಿ. ಜೋಶಿಯವರು ಅದೇ ಊರಿನಲ್ಲಿ ಮನೋಹರ ಗ್ರಂಥಮಾಲೆಯನ್ನು ತೆರೆದರು. ದೊಡ್ಡ ಬಂಡವಾಳವಲ್ಲ, ಓದುಗರ ಚಂದಾ ಹಣವೇ ಅದರ ಬಲ. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಬೆಳಕು ಕಂಡದ್ದೂ ಅಲ್ಲಿಂದಲೇ.

ನಮ್ಮ ಮನೆಗಳ ಟ್ರಂಕುಗಳಲ್ಲಿಯೂ ಅಜ್ಜಿಯ ಹಾಡಿನ ವಹಿ, ತಂದೆಯವರು ಗುಟ್ಟಾಗಿ ಬರೆದ ಕವನ ಇದ್ದಾವು. ಮರಾಠಿಯನ್ನೂ ಇಂಗ್ಲಿಷನ್ನೂ ಸರಾಗವಾಗಿ ಓದುವ ನಮ್ಮ ಮಕ್ಕಳಿಗೆ ಆ ಅಕ್ಷರಗಳು ಮಾತ್ರ ಬರಿಯ ಗೆರೆಗಳು. ಮರಾಠಿ ಮನೆಯ ಮಗ ಕನ್ನಡದ ವರಕವಿಯಾದರು. ಕನ್ನಡ ಮನೆಯ ಮಕ್ಕಳು ಕನ್ನಡಕ್ಕೆ ಹೊರಗಿನವರಾಗಬೇಕೇ?

ಈ ರಾಜ್ಯೋತ್ಸವಕ್ಕೆ ಆ ವಹಿಗಳನ್ನು ಹೊರತೆಗೆಯೋಣ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದೋಣ. ಹತ್ತು ಮನೆಗಳು ಕೈಗೂಡಿಸಿದರೆ ಒಂದು ಚಿಕ್ಕ ಪುಸ್ತಕವಾದೀತು. ಧಾರವಾಡದ ಗೆಳೆಯರು ಮಾಡಿದ್ದೂ ಅಷ್ಟೇ.