ಅಪ್ಪ ಓದಿದ ಪೇಪರ್, ಮಗನ ಕೆಲಸಕ್ಕೆ ಕುತ್ತು

ಪಾಸ್‌ಪೋರ್ಟ್ ಮಾಡಿಸಿದವರಿಗೆ ಗೊತ್ತು, ಠಾಣೆಯಿಂದ ವೆರಿಫಿಕೇಶನ್‌ಗೆ ಬಂದರೆ ಮನೆಮಂದಿಗೆಲ್ಲ ಒಂಥರಾ ಪುಕುಪುಕು. ಅಮೆರಿಕದಲ್ಲಿ ಸರ್ಕಾರದ ಗುಟ್ಟಿನ ಕಡತ ನೋಡುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ತಪಾಸಣೆ ಇದೆ. ಅದರಲ್ಲಿ ಪಾಸಾದರೆ ಸಿಗುವುದೇ ಸೆಕ್ಯುರಿಟಿ ಕ್ಲಿಯರೆನ್ಸ್. ಅಲ್ಲಿ ನಿಮ್ಮನ್ನಷ್ಟೇ ಅಲ್ಲ, ನಿಮ್ಮ ನೆಂಟರನ್ನೂ ನೋಡುತ್ತಾರೆ.

ನೆಂಟಸ್ತನ ಎಷ್ಟು ಕಾಡಬಹುದು ಎನ್ನುವುದಕ್ಕೆ 1953ರ ಒಂದು ಪ್ರಕರಣ ಸಾಕು. ಮಿಲೊ ರಾಡುಲೊವಿಚ್ ಎಂಬ 26ರ ಯುವಕ, ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಎಂಬ ಸಣ್ಣ ಊರಿನಲ್ಲಿದ್ದ. ವಾಯುಪಡೆಯ ಮೀಸಲು ದಳದಲ್ಲಿ ಲೆಫ್ಟಿನೆಂಟ್, ಜೊತೆಗೆ ಓದೂ ನಡೆದಿತ್ತು. ಅವನ ದೇಶನಿಷ್ಠೆ ಮೇಲೆ ನಮಗೆ ಅನುಮಾನವಿಲ್ಲ ಎಂದು ವಾಯುಪಡೆಯೇ ಹೇಳಿತು. ಆದರೂ ಅವನಿಂದ ಅಪಾಯವಿದೆಯಂತೆ! ಕಾರಣ ಅಪ್ಪ ಮತ್ತು ಅಕ್ಕ. ಅಪ್ಪ ಸರ್ಬಿಯಾ ಮೂಲದಿಂದ ಬಂದು ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದವರು, ತಮ್ಮ ಭಾಷೆಯ ಪತ್ರಿಕೆ ತರಿಸಿ ಓದುತ್ತಿದ್ದರು. ಅಕ್ಕನಿಗೆ ಕಮ್ಯುನಿಸ್ಟ್ ಒಲವು ಎಂಬ ಆರೋಪ.

ಸೆನೆಟರ್ ಮೆಕಾರ್ಥಿ ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ ಅದು. ವಿಚಾರಣೆಯಲ್ಲಿ ಆರೋಪಗಳ ಲಕೋಟೆಯನ್ನು ತೋರಿಸಿದರು, ಬಿಚ್ಚಲಿಲ್ಲ. ಸಾಕ್ಷಿ ಹೇಳಲು ಒಬ್ಬರೂ ಬರಲಿಲ್ಲ. ಅಪ್ಪ ಅಕ್ಕನ ಸಂಬಂಧ ಕಡಿದುಕೋ ಎಂದರೆ ಮಗ ಒಪ್ಪಲಿಲ್ಲ, ತಾನಾಗಿ ರಾಜೀನಾಮೆಯನ್ನೂ ಕೊಡಲಿಲ್ಲ.

ಸುದ್ದಿ ಮೊದಲು ಬಂದದ್ದು ಡೆಟ್ರಾಯಿಟ್‌ನ ಪತ್ರಿಕೆಯಲ್ಲಿ. (ಜಿಲ್ಲಾ ಪುಟಕ್ಕೆ ಬರೆಯುವ ನಮ್ಮಂಥವರಿಗೆ ಇದು ಖುಷಿಯ ವಿಷಯ.) ಅದನ್ನು ನೋಡಿ ಸಿಬಿಎಸ್ ಟಿವಿಯ ಎಡ್ವರ್ಡ್ ಮರೋ ಅಕ್ಟೋಬರ್ 20ರಂದು ಕಾರ್ಯಕ್ರಮ ಮಾಡಿದರು. ಅಪ್ಪ, ಅಕ್ಕ, ಊರಿನವರು ಎಲ್ಲರೂ ಮಾತಾಡಿದರು. ಸರಿಯಾಗಿ ಐದು ವಾರಕ್ಕೆ, ನವೆಂಬರ್ 24ರಂದು, ಮಿಲೊ ಹುದ್ದೆಯಲ್ಲೇ ಇರಲಿ ಎಂದು ವಾಯುಪಡೆ ಕಾರ್ಯದರ್ಶಿ ಹೆರಾಲ್ಡ್ ಟಾಲ್ಬಟ್ ಪ್ರಕಟಿಸಿದರು.

ಎಲ್ಲರಿಗೂ ಟಿವಿ ಸಿಗುವುದಿಲ್ಲವಲ್ಲ. ವಿಲಿಯಂ ಗ್ರೀನ್ ಎಂಬ ಇಂಜಿನಿಯರ್‌ಗೆ ಮಾಜಿ ಹೆಂಡತಿಯ ಒಡನಾಟವೂ ಮುಳುವಾಗಿ ಕ್ಲಿಯರೆನ್ಸ್ ಹೋಯಿತು, ಕೆಲಸವೂ ಹೋಯಿತು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1959ರಲ್ಲಿ ಗೆದ್ದರು. ದೂರು ಕೊಟ್ಟವರನ್ನು ಪ್ರಶ್ನಿಸಲು ಅವಕಾಶ ಕೊಡದೆ ಹೀಗೆ ಕಿತ್ತುಕೊಳ್ಳಲು ಯಾರೂ ಅಧಿಕಾರ ಕೊಟ್ಟಿಲ್ಲ ಎಂದಿತು ಕೋರ್ಟ್. 1995ರಲ್ಲಿ ಕ್ಲಿಂಟನ್ ಆದೇಶ ಬಂತು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಮೇಲ್ಮನವಿಗೂ ದಾರಿ ಇರಬೇಕು. ಆದರೆ ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು 1988ರಲ್ಲೇ ಅದೇ ಕೋರ್ಟ್ ಹೇಳಿಯಾಗಿತ್ತು. ಅನುಮಾನ ಉಳಿದರೆ ತೀರ್ಪು ಸರ್ಕಾರದ ಕಡೆಗೇ.

ಈಗ ವಿದೇಶದಲ್ಲಿ ನೆಂಟರಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಆ ದೇಶ ಯಾವುದು, ನೆಂಟರು ಅಲ್ಲಿನ ಸರ್ಕಾರದಲ್ಲೋ ಸೈನ್ಯದಲ್ಲೋ ಇದ್ದಾರಾ, ಅವರನ್ನು ಹೆದರಿಸಿ ಇವನ ಬಾಯಿ ಬಿಡಿಸಬಹುದಾ, ಇವನ ಬೇರು ಅಮೆರಿಕದಲ್ಲಿ ಎಷ್ಟು ಆಳ ಇಳಿದಿದೆ ಎಂದೆಲ್ಲ ತೂಗಿ ನೋಡುತ್ತಾರೆ. ನೆಂಟರಿರುವುದಕ್ಕಿಂತ ನೆಂಟರನ್ನು ಮುಚ್ಚಿಡುವುದೇ ಹೆಚ್ಚು ಅಪಾಯ.

ನಮ್ಮ ಕಡೆಯಿಂದ ಹೋಗಿ ಅಲ್ಲಿನ ಪೌರತ್ವ ಪಡೆದವರು ಇಂಥ ಕೆಲಸಕ್ಕೆ ಅರ್ಜಿ ಹಾಕಿದರೆ ಎಸ್‌ಎಫ್-86 ಎಂಬ ಉದ್ದನೆಯ ಫಾರಂ ತುಂಬಬೇಕು. ಊರಲ್ಲಿರುವ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಅತ್ತೆ, ಮಾವ ಎಲ್ಲರ ಹುಟ್ಟಿದ ತಾರೀಖು, ಹುಟ್ಟಿದ ಊರು ಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ ಒಂದೇ ಜನ್ಮದಿನ ಆಗಿರುವ ನಮ್ಮ ಹಿರಿಯರು ಅಲ್ಲಿ ಏನು ಬರೆಸಬೇಕೋ!